ಮುರ್ಗಾಬಿಯ ಪುಕ್ಕ ಕಿತ್ತವರು

ದೆಹಲಿ, ಆಗ್ರಾ ಕಡೆ ಇರುವ ನಮ್ಮವರಲ್ಲಿ ಹಲವರು ಚಳಿಗಾಲದಲ್ಲಿ ಒಮ್ಮೆಯಾದರೂ ಭರತ್‌ಪುರಕ್ಕೆ ಹೋಗಿರುತ್ತೀರಿ. ಅಲ್ಲಿನ ಕೇವಲಾದೇವ್ ಪಕ್ಷಿಧಾಮದ ಒಳಗೆ, ಆ ಹೆಸರಿಗೆ ಕಾರಣವಾದ ಶಿವನ ಗುಡಿಯ ಹತ್ತಿರ, ಬರಹ ಕೆತ್ತಿದ ಕಲ್ಲುಗಳಿವೆ. ಸೈಕಲ್ ರಿಕ್ಷಾದವರು ಅಲ್ಲಿ ನಿಲ್ಲಿಸದೆ ಮುಂದೆ ಹೋಗುವುದಿಲ್ಲ. ತಾರೀಖು, ಬಂದ ದೊಡ್ಡವರ ಹೆಸರು, ಎಷ್ಟು ಬಂದೂಕು, ಎಷ್ಟು ಹಕ್ಕಿ, ಇಷ್ಟೇ ಆ ಬರಹ. 1902ರಲ್ಲಿ ವೈಸರಾಯ್ ಕರ್ಜನ್ ಬಂದಾಗ 540 ಹಕ್ಕಿ. 1914ರಲ್ಲಿ ಹಾರ್ಡಿಂಜ್, 1916ರಲ್ಲಿ ಚೆಮ್ಸ್‌ಫರ್ಡ್ ಬಂದಾಗ ಸಂಖ್ಯೆ ನಾಲ್ಕು ಸಾವಿರ ದಾಟಿತು. 1938ರ ನವೆಂಬರ್ 12ರಂದು ಲಿನ್‌ಲಿತ್‌ಗೋ ಬಂದ ದಿನ 4,273. ಒಂದೇ ದಿನಕ್ಕೆ, ನೆನಪಿರಲಿ.

ಈ ಸಂಖ್ಯೆ ಓದಿದವರೆಲ್ಲ "ಅಯ್ಯೋ, ಪಾಪ" ಅನ್ನುತ್ತಾರೆ. ನಾನೂ ಅಂದೆ. ಆದರೆ ನನ್ನ ತಲೆಗೆ ಅದರ ಜೊತೆಗೇ ಬಂದದ್ದು ಬೇರೊಂದು ಪ್ರಶ್ನೆ. ಇಷ್ಟೂ ಹಕ್ಕಿಗಳ ಪುಕ್ಕ ಕಿತ್ತವರು ಯಾರು?

ಸುಮ್ಮನೆ ಲೆಕ್ಕ ಹಾಕಿ ನೋಡಿ. ಕೈ ಪಳಗಿದವನಿಗೂ ಒಂದು ಕಾಡುಬಾತಿನ ಪುಕ್ಕ ಒಣದಾಗಿ ಕಿತ್ತು, ತುಪ್ಪುಳ ತೆಗೆದು, ಹೊಟ್ಟೆ ಸ್ವಚ್ಛ ಮಾಡಲು ಕಾಲು ಗಂಟೆಯಾದರೂ ಬೇಕು. ಆ ಲೆಕ್ಕದಲ್ಲಿ 4,273 ಹಕ್ಕಿಗೆ ಸಾವಿರ ಗಂಟೆ ಮೀರುತ್ತದೆ. ನೂರು ಜನ ಒಟ್ಟಿಗೆ ಕೂತರೂ ಹತ್ತು ಗಂಟೆಯ ಕೆಲಸ. ತೂಕ ಹಕ್ಕಿಗೆ ಏಳುನೂರು ಗ್ರಾಂ ಅಂತ ಹಿಡಿದರೂ ಒಟ್ಟು ಮೂರು ಟನ್ನಿನ ಹತ್ತಿರ. ಎಲ್ಲವನ್ನೂ ಅಲ್ಲೇ ಸ್ವಚ್ಛ ಮಾಡಿರಲಿಕ್ಕಿಲ್ಲ, ಹಂಚಿರಬಹುದು, ಕಳಿಸಿರಬಹುದು. ಆದರೂ ಹಕ್ಕಿ ಪುಕ್ಕದ ಸಮೇತ ಯಾರ ತಟ್ಟೆಗೂ ಹೋಗುವುದಿಲ್ಲವಲ್ಲ. ಎಲ್ಲೋ ಯಾರೋ ಕಿತ್ತಿದ್ದಾರೆ. ಕಲ್ಲಿನಲ್ಲಿ ಬಂದೂಕಿನ ಲೆಕ್ಕ ಇದೆ, ಕೈಗಳ ಲೆಕ್ಕ ಇಲ್ಲ.

ಈ ಪ್ರಶ್ನೆ ನನಗೆ ಬರಲು ಕಾರಣ ಇದೆ. ನನ್ನ ನಾನಾ, ಅಂದರೆ ಅಮ್ಮನ ಅಪ್ಪ, ಗದಗ ಸೀಮೆಯ ಒಂದು ಕೆರೆಯೂರಿನವರು. ಆ ಕಡೆಯ ಕೆರೆಗಳಿಗೆ ಇವತ್ತಿಗೂ ಚಳಿಗಾಲದಲ್ಲಿ ಹಿಮಾಲಯ ದಾಟಿ ಪಟ್ಟೆತಲೆಯ ಹೆಬ್ಬಾತುಗಳು ಬರುತ್ತವೆ. ಮಾಗಡಿ ಕೆರೆಯ ಹೆಸರು ನೀವು ಕೇಳಿರಬಹುದು. ನಾನಾ ಹುಡುಗರಾಗಿದ್ದಾಗ, ಐವತ್ತರ ದಶಕದಲ್ಲಿ, ಪಟ್ಟಣದಿಂದ ಸಾಹೇಬರು ಜೀಪಿನಲ್ಲಿ ಬರೋರು. ಸಾಹೇಬರು ಅಂದರೆ ಬಿಳಿಯರಲ್ಲ, ಅವರೆಲ್ಲ ಹೋಗಿ ಆಗಿತ್ತು. ನಮ್ಮವರೇ, ಬಂದೂಕಿನ ಲೈಸೆನ್ಸ್ ಇದ್ದವರು. ನಾನಾ ಹತ್ತಿರ ಬಂದೂಕು ಇರಲಿಲ್ಲ. ಇದ್ದದ್ದು ಒಂದು ಚಾಕು. ಗುಂಡಿನ ಸದ್ದು ಕೇಳಿದ ಕೂಡಲೆ ನೀರಿಗೆ ಬಿದ್ದು, ಹಕ್ಕಿಯ ಉಸಿರು ಹೋಗುವ ಮೊದಲು ಬಿಸ್ಮಿಲ್ಲಾ ಹೇಳಿ ಕುತ್ತಿಗೆ ಕೊಯ್ಯುವುದು ಅವರ ಕೆಲಸ. ಆಮೇಲೆ ದಂಡೆಯಲ್ಲಿ ಕೂತು ಪುಕ್ಕ ಕೀಳುವುದು. "ಬಂದೂಕು ಯಾರದ್ದರ ಇರ್ಲಿ, ಚಾಕು ನಂದು" ಅಂತ ಹೇಳೋರು. ಅದರಲ್ಲಿ ಸ್ವಲ್ಪ ಜಂಬವೂ ಇತ್ತು.

ಆ ಓಟ ಯಾಕೆ ಅಷ್ಟು ಅವಸರದ್ದು ಅನ್ನುವುದಕ್ಕೆ ಸಾವಿರದ ನಾನೂರು ವರ್ಷದ ಚರಿತ್ರೆ ಇದೆ. ನಮ್ಮ ಓದುಗರಲ್ಲಿ ವಿದ್ಯಾರ್ಥಿಗಳೂ ಇರುವುದರಿಂದ ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಫತ್ವಾ ಬರೆಯುತ್ತಿಲ್ಲ, ಚರಿತ್ರೆ ಬರೆಯುತ್ತಿದ್ದೇನೆ ಅನ್ನುವುದು ಗಮನದಲ್ಲಿರಲಿ.

ಹಾತಿಂ ತಾಯಿಯ ಔದಾರ್ಯದ ಕಥೆ ಕೇಳದ ಮನೆ ನಮ್ಮಲ್ಲಿ ಇಲ್ಲ. ಅವನ ಮಗ ಅದೀ ಬಿನ್ ಹಾತಿಂ ಸಹಾಬಿಯಾದರು. ತಾಯ್ ಕುಲದವರು ಬೇಟೆಗಾರರು. ಹಾಗಾಗಿ ಬೇಟೆಯ ಬಗ್ಗೆ ಪ್ರವಾದಿಯವರನ್ನು (ಸ) ಬಿಡಿಬಿಡಿಸಿ ಕೇಳಿದ್ದು ಅವರೇ. ಪಳಗಿಸಿದ ನಾಯಿ ಹಿಡಿದದ್ದು ತಿನ್ನಬಹುದೇ, ಬೇರೆ ನಾಯಿ ಸೇರಿಕೊಂಡರೆ ಹೇಗೆ, ಬಾಣ ಅಡ್ಡಲಾಗಿ ಬಡಿದರೆ ಹೇಗೆ, ಹೀಗೆ. ಅದರಲ್ಲೇ ನಮಗೆ ಬೇಕಾದ ಮಾತೂ ಇದೆ. ಬಾಣ ತಗಲಿದ ಪ್ರಾಣಿ ನೀರಿನಲ್ಲಿ ಮುಳುಗಿ ಸತ್ತದ್ದು ಕಂಡರೆ ತಿನ್ನಬೇಡಿ, ಯಾಕೆಂದರೆ ಅದನ್ನು ಕೊಂದದ್ದು ನಿಮ್ಮ ಬಾಣವೋ ನೀರೋ ಅನ್ನುವುದು ನಿಮಗೆ ಗೊತ್ತಿಲ್ಲ ಅನ್ನುವುದು ಅದರ ಸಾರ.

ಮರುಭೂಮಿಯಲ್ಲಿ ಇದು ಅಪರೂಪಕ್ಕೆ ಬರುವ ಪ್ರಶ್ನೆ. ಬಾತಿನ ಬೇಟೆಯಲ್ಲಿ ಹಾಗಲ್ಲ, ಹಕ್ಕಿ ಬೀಳುವುದೇ ನೀರಿಗೆ. ಅದಕ್ಕೇ ಇಸ್ಲಾಮಿನ ಕಾನೂನು ಇರಾಕ್, ಫರ್ಗಾನಾ ಮೊದಲಾದ ಹೊಳೆ-ಜೌಗಿನ ನಾಡುಗಳಿಗೆ ಹೋದ ಮೇಲೆ ಪಂಡಿತರು ನೀರುಹಕ್ಕಿಯ ವಿಷಯವನ್ನು ಬೇರೆಯಾಗಿ ತೆಗೆದುಕೊಂಡರು. ನಮ್ಮ ಮದ್ರಸಾಗಳಲ್ಲಿ ಈಗಲೂ ಪಾಠ ಹೇಳುವ ಹಿದಾಯಾ ಗ್ರಂಥದಲ್ಲಿ ಇದು ಬರುತ್ತದೆ. ಅದನ್ನು ಬರೆದ ಮರ್ಗೀನಾನಿ ತೀರಿಕೊಂಡದ್ದು 1197ರಲ್ಲಿ. ಅವರ ಊರು ಫರ್ಗಾನಾದ್ದು, ಬಾಬರನ ನಾಡು. ಬಾಬರ್ ತನ್ನ ಆತ್ಮಕಥೆಯಲ್ಲಿ ಆ ಊರಿನ ಹೆಸರು ಹೇಳಿ, ಹಿದಾಯಾ ಬರೆದವರು ಇಲ್ಲಿಯವರು ಅಂತ ನೆನೆಯುತ್ತಾನೆ. ಹಿದಾಯಾ ಹೇಳುವುದು ಏನೆಂದರೆ, ಹಕ್ಕಿ ನೀರಿನದೇ ಆಗಿದ್ದು ಗಾಯ ನೀರಿನಲ್ಲಿ ಮುಳುಗದಿದ್ದರೆ ತಿನ್ನಬಹುದು. ಗಾಯ ಮುಳುಗಿದ್ದರೆ ಬೇಡ. ಹೊಲದ ಹಕ್ಕಿಗೆ ನೀರೇ ಸಾವು, ಬಾತಿಗೆ ನೀರು ಮನೆ. ಅದಕ್ಕೆ ಈ ವ್ಯತ್ಯಾಸ. ಆದರೆ ಗಾಯದೊಳಗೆ ನೀರು ಹೋದರೆ ಬಾತೂ ನೀರಿನಿಂದ ಸಾಯಬಹುದು ಅನ್ನುವುದು ಅವರ ಅನುಮಾನ. ಇದನ್ನು ಬರೆದ ಪಂಡಿತರು ಕೆರೆ ದಂಡೆಯಲ್ಲಿ ನಿಂತು ನೋಡಿದ್ದರೋ, ನೋಡಿದವರನ್ನು ಕೇಳಿದ್ದರೋ ಅಂತ ನನಗೆ ಅನ್ನಿಸುತ್ತದೆ.

ಇದೆಲ್ಲ ಬಾಣದ ಕಾಲದ್ದು. ಬಂದೂಕು ಬಂದಾಗ ಲೆಕ್ಕ ಇನ್ನೂ ಬಿಗಿಯಾಯಿತು. 'ಬಂದೂಕು' ಅನ್ನುವ ಪದವನ್ನೇ ನೋಡಿ. ಕನ್ನಡಿಗರೆಲ್ಲ ದಿನವೂ ಬಳಸುವ ಈ ಪದದ ಮೂಲ ಅರಬಿಯ 'ಬುಂದುಕ್'. ಅಂದರೆ ಹೇಜಲ್ ಅನ್ನುವ ದುಂಡನೆಯ ಕಾಯಿ. ಆಮೇಲೆ ಅದೇ ಹೆಸರು ಆ ಗಾತ್ರದ ಮಣ್ಣಿನ ಗುಂಡಿಗೆ ಬಂತು. ಬಿಲ್ಲಿನಿಂದ ಮಣ್ಣಿನ ಗುಂಡು ಹಾರಿಸಿ ಹಕ್ಕಿ ಹೊಡೆಯುತ್ತಿದ್ದರು. ನಮ್ಮ ಉರ್ದು ಮನೆಗಳಲ್ಲಿ ಗುಲೇಲ್ ಅನ್ನುತ್ತೇವಲ್ಲ, ಆ ಬಗೆಯದು. ಗುಂಡು ಚುಚ್ಚಿ ಕೊಲ್ಲುವುದಿಲ್ಲ, ಜಜ್ಜಿ ಕೊಲ್ಲುತ್ತದೆ. ಪೆಟ್ಟಿನಿಂದ ಸತ್ತದ್ದು ಕುರ್‌ಆನಿನ ನಿಷೇಧದ ಪಟ್ಟಿಯಲ್ಲಿದೆ. ಹಾಗಾಗಿ ಬುಂದುಕ್ ಹೊಡೆತಕ್ಕೆ ಸತ್ತ ಹಕ್ಕಿ ಹಲಾಲ್ ಅಲ್ಲ ಅಂತ ಹಳೆಯ ಗ್ರಂಥಗಳು ಬರೆದವು. ಮುಂದೆ ಮದ್ದಿನ ಬಂದೂಕು ಬಂದಾಗ ಹಳೆಯ ಹೆಸರೂ ಹೊಸ ಆಯುಧಕ್ಕೆ ಬಂತು, ಹಳೆಯ ತೀರ್ಮಾನವೂ ಹಿಂದೆಯೇ ಬಂತು. ಎಲ್ಲರೂ ಒಪ್ಪಿದರು ಅಂತಲ್ಲ. ಉತ್ತರ ಆಫ್ರಿಕದ ಮಾಲಿಕಿಗಳಲ್ಲಿ ಹಲವರು, ಯೆಮನ್‌ನ ಶೌಕಾನಿ ಮುಂತಾದವರು ಗುಂಡು ಮೈಯನ್ನು ಸೀಳಿ ಒಳಹೋಗುತ್ತದೆ, ಬಾಣದ ಹಾಗೇ ಅಂತ ವಾದಿಸಿದರು. ಆದರೆ ಹಿಂದೂಸ್ತಾನದ ಹನಫಿಗಳಲ್ಲಿ ಗೆದ್ದದ್ದು ಬಿಗಿ ವಾದವೇ. ಕರಾವಳಿಯ ಬ್ಯಾರಿ, ನವಾಯತ ಓದುಗರು ಶಾಫಿಗಳು, ಅಲ್ಲಿಯೂ ಹೆಚ್ಚುಕಡಿಮೆ ಇದೇ. ಬಿಸ್ಮಿಲ್ಲಾ ಹೇಳಿ ಗುಂಡು ಹಾರಿಸಿದರೆ ಸಾಲದು, ಜೀವ ಇರುವಾಗಲೇ ಹಿಡಿದು ಕೊಯ್ಯಬೇಕು.

ಈಗ ನನ್ನ ನಾನಾನ ಓಟ ನಿಮಗೆ ಅರ್ಥವಾಯಿತು. ಡಿಸೆಂಬರ್ ಬೆಳಗಿನ ಕೆರೆ ನೀರು, ಎದೆಮಟ್ಟ. ರೆಕ್ಕೆ ಮುರಿದ ಬಾತು ಸುಮ್ಮನೆ ಕೂತಿರುವುದಿಲ್ಲ, ಮುಳುಗುತ್ತದೆ, ಜೊಂಡಿನೊಳಗೆ ನುಗ್ಗುತ್ತದೆ. ಹಿಡಿದು, ಮೇಲೆತ್ತಿ, ಚಾಕು ಆಡಿಸುವಷ್ಟರಲ್ಲಿ ಮುಂದಿನ ಗುಂಡು ಹಾರಿರುತ್ತದೆ. ಒಂದು ಸಲ ಛರ್ರೆ ಅವರ ಕಿವಿಯ ಪಕ್ಕದಲ್ಲೇ ನೀರಿಗೆ ಬಿದ್ದಿತ್ತಂತೆ. ಯಾರೂ ಕ್ಷಮೆ ಕೇಳಲಿಲ್ಲ. "ಕೇಳೂದು ಅಂತ ಗೊತ್ತಿದ್ದರಲ್ಲ" ಅಂದು ನಕ್ಕಿದ್ದರು. ಸತ್ತೇ ಸಿಕ್ಕಿದ ಹಕ್ಕಿಯನ್ನು ಬೇರೆ ಗುಡ್ಡೆ ಹಾಕೋರು. ಅದು ನಮ್ಮವರಲ್ಲದ ಸಾಹೇಬರ ಪಾಲು. ಎರಡು ಗುಡ್ಡೆ ಬೆರೆಯದ ಹಾಗೆ ನೋಡಿಕೊಳ್ಳುವ ಜವಾಬ್ದಾರಿ ಹನ್ನೆರಡು ವರ್ಷದ ಹುಡುಗನದು. ಬೇಕೆಂದರೆ ಸುಳ್ಳು ಹೇಳಬಹುದಿತ್ತು. ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆ ಸಾಹೇಬರೆಲ್ಲ ಈ ಹುಡುಗನ ಮಾತಿನ ಮೇಲೆ ಊಟ ಮಾಡಿದವರು.

ಇನ್ನು ಪುಕ್ಕದ ಮಾತು. ಕೋಳಿ ಕಿತ್ತವರಿಗೆ ಬಾತು ಕೀಳಲು ಬರುತ್ತದೆ ಅಂದುಕೊಳ್ಳಬೇಡಿ. ಬಾತಿನ ಬಾಲದ ಬುಡದಲ್ಲಿ ಒಂದು ಎಣ್ಣೆಯ ಗಂಟು ಇರುತ್ತದೆ. ಹಕ್ಕಿ ಕೊಕ್ಕಿನಿಂದ ಆ ಎಣ್ಣೆ ತೆಗೆದು ಮೈಗೆಲ್ಲ ಹಚ್ಚಿಕೊಳ್ಳುತ್ತದೆ. ಅದಕ್ಕೇ ದಿನವಿಡೀ ನೀರಲ್ಲಿದ್ದರೂ ಮೈ ಒದ್ದೆಯಾಗುವುದಿಲ್ಲ. ಬಿಸಿನೀರಿಗೆ ಅದ್ದಿದರೂ ನೀರು ಬುಡಕ್ಕೆ ಇಳಿಯುವುದಿಲ್ಲ, ಮೇಲೆ ಮೇಲೇ ಜಾರಿ ಹೋಗುತ್ತದೆ. ಮೇಲಿನ ಪುಕ್ಕದ ಕೆಳಗೆ ಹತ್ತಿಯಂಥ ತುಪ್ಪುಳದ ಪದರ ಬೇರೆ. ಅದು ಬೆರಳಿಗೆ, ಮೂಗಿಗೆ, ಗಡ್ಡಕ್ಕೆ ಅಂಟುತ್ತದೆ, ಬಟ್ಟೆಯಿಂದ ಎರಡು ದಿನ ಹೋಗುವುದಿಲ್ಲ.

ನಾನಾ ಒಣದಾಗಿಯೇ ಕೀಳುತ್ತಿದ್ದರು. ಮೈ ಬೆಚ್ಚಗಿರುವಾಗಲೇ ಶುರು ಮಾಡಬೇಕು. ತಣ್ಣಗಾದರೆ ಚರ್ಮ ಪುಕ್ಕವನ್ನು ಕಚ್ಚಿ ಹಿಡಿಯುತ್ತದೆ. ಮೊದಲು ಎದೆ. ಹೆಬ್ಬೆರಳು ಮತ್ತು ತೋರುಬೆರಳಿನಲ್ಲಿ ನಾಲ್ಕಾರು ಪುಕ್ಕ ಮಾತ್ರ ಹಿಡಿದು, ಇನ್ನೊಂದು ಕೈಯಿಂದ ಚರ್ಮ ಬಿಗಿಹಿಡಿದು, ಚುರುಕಾಗಿ ಎಳೆಯುವುದು. ಆಸೆಬಿದ್ದು ಹಿಡಿಗಟ್ಟಲೆ ಎಳೆದರೆ ಚರ್ಮ ಹರಿಯುತ್ತದೆ, ಅದರಲ್ಲೂ ಕುತ್ತಿಗೆಯ ಹತ್ತಿರ. ಬೆರಳು ಜಾರಿದರೆ ಬೂದಿ. ರೆಕ್ಕೆಯ ತುದಿಯನ್ನು ಕೀಳಲು ಹೋಗದೆ ಕೀಲಿನಲ್ಲೇ ಕತ್ತರಿಸಿ ಬಿಸಾಡುವುದು. ಹಂಗಾಮಿನ ಆರಂಭದಲ್ಲಿ ಬಂದ ಹಕ್ಕಿಗಳಲ್ಲಿ ಹೊಸ ಪುಕ್ಕದ ಮೊಳಕೆ ಇನ್ನೂ ಚರ್ಮದೊಳಗೇ ಇರುತ್ತದೆ, ಕಪ್ಪು ಮುಳ್ಳಿನ ಹಾಗೆ. ಒಂದೊಂದನ್ನೇ ಚಾಕುವಿನ ಬಾಯಿ ಮತ್ತು ಹೆಬ್ಬೆರಳಿನ ನಡುವೆ ಹಿಡಿದು ತೆಗೆಯಬೇಕು. ಜನವರಿಯ ಹಕ್ಕಿ ಸಲೀಸು, ಕೊಬ್ಬೂ ಜಾಸ್ತಿ. ಕೊನೆಗೆ ಜೋಳದ ಸೊಪ್ಪೆಗೆ ಬೆಂಕಿ ಹಚ್ಚಿ, ಆ ಉರಿಯ ಮೇಲೆ ಹಕ್ಕಿಯನ್ನು ಆಡಿಸಿದರೆ ಉಳಿದ ನವಿರೆಲ್ಲ ಸುಟ್ಟು ಹೋಗುತ್ತದೆ. ಕೂದಲು ಸುಟ್ಟ ವಾಸನೆ ಕೈಗೆ ಉಳಿಯುತ್ತದೆ.

ಬಿಸಿನೀರಿಗೆ ಯಾಕೆ ಹಾಕುತ್ತಿರಲಿಲ್ಲ ಅಂತ ಕೇಳಿದ್ದೆ. "ಹೊಟ್ಟಿ ಒಳಗಿನ ಹೊಲಸು ಮಾಂಸಕ್ಕ ಇಳೀತೈತಿ" ಅಂದಿದ್ದರು. ಅದು ಅವರ ಅಮ್ಮ ಹೇಳಿಕೊಟ್ಟದ್ದು. ನಾನು ಹಳ್ಳಿಯ ನಂಬಿಕೆ ಅಂದುಕೊಂಡು ಬಿಟ್ಟಿದ್ದೆ. ಬಹಳ ವರ್ಷದ ಮೇಲೆ ಗೊತ್ತಾಯಿತು, ಇದೇ ಮಾತನ್ನು ಈಜಿಪ್ಟಿನ ಇಬ್ನುಲ್ ಹುಮಾಂ ಬರೆದಿಟ್ಟಿದ್ದಾರೆ. 1457ರಲ್ಲಿ ತೀರಿಕೊಂಡ ಈ ಪಂಡಿತರು ಹಿದಾಯಾಕ್ಕೆ ಬರೆದ ವ್ಯಾಖ್ಯಾನ ಫತ್‌ಹುಲ್ ಕದೀರ್. ಪುಕ್ಕ ಕೀಳುವುದಕ್ಕಾಗಿ ಕೋಳಿಯನ್ನು ಹೊಟ್ಟೆ ಸೀಳದೆ ಕುದಿಯುವ ನೀರಿಗೆ ಹಾಕಿದರೆ ಏನಾಗುತ್ತದೆ ಅಂತ ಅವರು ಚರ್ಚಿಸುತ್ತಾರೆ. ಕುದಿಯುವ ನೀರಲ್ಲಿ ತುಂಬ ಹೊತ್ತು ಇದ್ದರೆ ಒಳಗಿನ ಹೊಲಸು ಮಾಂಸಕ್ಕೆ ಸೇರುತ್ತದೆ, ಆಮೇಲೆ ತೊಳೆದು ಪ್ರಯೋಜನ ಇಲ್ಲ. ನೀರು ಕುದಿಯದೆ, ಚರ್ಮದ ರಂಧ್ರ ಸಡಿಲಾಗುವಷ್ಟು ಹೊತ್ತು ಮಾತ್ರ ಅದ್ದಿ ತೆಗೆದರೆ ಮೂರು ಸಲ ತೊಳೆದರೆ ಸಾಕು. ಕೈರೋದ ಪಂಡಿತನೂ ಗದಗ ಸೀಮೆಯ ಅಕ್ಷರ ಬಾರದ ಒಬ್ಬ ತಾಯಿಯೂ ಒಂದೇ ಮಾತು ಹೇಳಿದ್ದಾರೆ. ಗ್ರಂಥದಿಂದ ಮನೆಗೆ ಇಳಿಯಿತೋ, ಅಡುಗೆಮನೆಯಿಂದ ಗ್ರಂಥಕ್ಕೆ ಹತ್ತಿತೋ, ನಾನು ಎರಡನೆಯದರ ಕಡೆ. ಪಂಡಿತರ ಮನೆಯಲ್ಲೂ ಕೋಳಿ ಕಿತ್ತವರು ಪಂಡಿತರೇ ಆಗಿರಲಾರರು.

ಹೊಟ್ಟೆ ಸ್ವಚ್ಛ ಮಾಡುವುದರಲ್ಲಿ ಹೇಳುವಂಥದ್ದು ಕಡಿಮೆ, ಕೋಳಿಯ ಹಾಗೇ. ಬಾಲದ ಎಣ್ಣೆಗಂಟನ್ನು ಮರೆಯದೆ ತೆಗೆಯಬೇಕು, ಬಿಟ್ಟರೆ ಸಾರೆಲ್ಲ ಕೆಡುತ್ತದೆ. ಪಿತ್ತ ಒಡೆಯಬಾರದು. ಛರ್ರೆ ಹೊಕ್ಕ ಜಾಗದಲ್ಲಿ ಗುಂಡು ಒಂದೇ ಹೋಗಿರುವುದಿಲ್ಲ, ಪುಕ್ಕದ ಚೂರನ್ನೂ ಒಳಗೆ ಎಳೆದುಕೊಂಡು ಹೋಗಿರುತ್ತದೆ. ಅದನ್ನು ಹೆಪ್ಪುಗಟ್ಟಿದ ರಕ್ತದ ಸಮೇತ ಕೆತ್ತಿ ತೆಗೆಯಬೇಕು. ಎಷ್ಟೇ ನೋಡಿದರೂ ಒಂದೆರಡು ಸೀಸದ ಕಾಳು ಊಟದಲ್ಲಿ ಹಲ್ಲಿಗೆ ಸಿಗುತ್ತಿತ್ತಂತೆ. ಅಗಲ ಕೊಕ್ಕಿನ, ರಾಡಿ ಸೋಸಿ ತಿನ್ನುವ ಬಾತಾದರೆ ಪುಕ್ಕ ಕೀಳುವ ಗೋಜೇ ಬೇಡ, ಚರ್ಮವನ್ನೇ ಸುಲಿದು ತೆಗೆಯುವುದು. ಕೆಸರಿನ ವಾಸನೆ ಕೊಬ್ಬಿನಲ್ಲಿರುತ್ತದೆ, ಕೊಬ್ಬು ಚರ್ಮದ ಜೊತೆ ಹೋಗುತ್ತದೆ. ಕಲ್ಲುಹೊಟ್ಟೆಯನ್ನು ಉರ್ದುವಿನಲ್ಲಿ ಸಂಗ್‌ದಾನಾ ಅನ್ನುತ್ತಾರೆ, ಕಲ್ಲಿಡುವ ಪಾತ್ರೆ ಅಂತ ಅರ್ಥ. ಸೀಳಿದರೆ ನಿಜವಾಗಿಯೂ ಹರಳು ಇರುತ್ತದೆ, ಅದರ ಜೊತೆ ಹಕ್ಕಿ ಎಲ್ಲಿ ಮೇಯ್ದಿತ್ತು ಅನ್ನುವುದರ ಗುರುತೂ ಇರುತ್ತದೆ. ಭತ್ತವೋ, ಹುಲ್ಲಿನ ಬೀಜವೋ, ಶಂಖದ ಹುಳುವೋ.

ಈ ಕೆಲಸವನ್ನು ಪಕ್ಕದಲ್ಲಿ ಕೂತು ನೋಡಿದ, ನೋಡಿ ಬರೆದಿಟ್ಟ ಒಬ್ಬ ದೊರೆ ನಮ್ಮ ಚರಿತ್ರೆಯಲ್ಲಿದ್ದಾನೆ, ಜಹಾಂಗೀರ್. ಬೇಟೆಯ ಹಕ್ಕಿಗಳ ಹೊಟ್ಟೆಯನ್ನು ತನ್ನ ಎದುರೇ ಸ್ವಚ್ಛ ಮಾಡಬೇಕು ಅಂತ ಅವನ ಹುಕುಂ ಇತ್ತು. ಎಚ್ಚರಿಕೆಗೂ ಹೌದು, ಯಾವ ಹಕ್ಕಿ ಏನು ತಿನ್ನುತ್ತದೆ ಅನ್ನುವ ಕುತೂಹಲಕ್ಕೂ ಹೌದು. ಒಂದು ದಿನ ತಾನು ತಿನ್ನುತ್ತಿದ್ದ ನೀರುಹಕ್ಕಿಯ ಗಂಟಲಚೀಲದಿಂದ ಮೊದಲು ಒಂದು ಸಣ್ಣ ಮೀನು, ಆಮೇಲೆ ಒಂದು ದೊಡ್ಡ ಹುಳು ಹೊರಬಂದವು. ಅಷ್ಟು ದೊಡ್ಡದನ್ನು ಅದು ನುಂಗಿತ್ತು ಅಂತ ಕಣ್ಣಾರೆ ನೋಡದಿದ್ದರೆ ನಂಬುತ್ತಿರಲಿಲ್ಲ ಅನ್ನುತ್ತಾನೆ. ಅವತ್ತಿನಿಂದ ನೀರುಹಕ್ಕಿ ತಿನ್ನುವುದನ್ನೇ ಬಿಡಲು ತೀರ್ಮಾನಿಸಿದ. ಇನ್ನೊಮ್ಮೆ ಖಾನ್ ಆಲಂ ಎಂಬ ಅಮೀರ ಬೆಳ್ಳಕ್ಕಿಯ ಮಾಂಸ ಬಲು ರುಚಿ ಅಂದದ್ದಕ್ಕೆ ತರಿಸಿ ಎದುರೇ ಸೀಳಿಸಿದ, ಹುಳುಗಳೇ ಸುರಿದವು. ಆ ದಿನ ಚಾಕು ಹಿಡಿದು ಕೂತಿದ್ದ ಬಾವರ್ಚಿಯ ಮುಖ ಹೇಗಿತ್ತೋ.

ಇದೇ ಜಹಾಂಗೀರ್ ತನ್ನ ಬೇಟೆಯ ಲೆಕ್ಕವನ್ನೂ ಬರೆಸಿದ್ದಾನೆ. ಹನ್ನೆರಡನೆಯ ವಯಸ್ಸಿನಿಂದ ಆಳ್ವಿಕೆಯ ಹನ್ನೊಂದನೆಯ ವರ್ಷದ ಕೊನೆಯ ತನಕ ಅವನ ಎದುರು ಬಿದ್ದ ಪ್ರಾಣಿಪಕ್ಷಿಗಳು 28,532. ಅವುಗಳಲ್ಲಿ ಅವನೇ ಕೊಂದದ್ದು 17,167. ಅದರೊಳಗೆ ಪಾರಿವಾಳವೇ 10,348. ಬಾತು, ಹೆಬ್ಬಾತು, ಕೊಕ್ಕರೆ ಜಾತಿ ಎಲ್ಲ ಸೇರಿ 150. ಭರತ್‌ಪುರದ ಕಲ್ಲಿನ ಪಕ್ಕ ಈ ಸಂಖ್ಯೆ ಇಟ್ಟು ನೋಡಿ. ಬೇಟೆಯ ಹುಚ್ಚಿಗೆ ಹೆಸರಾದ ಬಾದಶಹ ಮೂವತ್ತೈದಕ್ಕೂ ಹೆಚ್ಚು ವರ್ಷದಲ್ಲಿ ಕೊಂದ ನೀರುಹಕ್ಕಿ 150, ವೈಸರಾಯ್ ಒಬ್ಬನ ಒಂದು ದಿನದ ಭೇಟಿಗೆ 4,273. ಮೊಗಲರು ದಯಾಳುಗಳು ಅಂತ ನಾನು ಹೇಳುತ್ತಿಲ್ಲ, ಪಾರಿವಾಳಗಳನ್ನು ಕೇಳಿದರೆ ಬೇರೆ ಹೇಳಿಯಾವು. ಅವನ ಬಂದೂಕು ಒಂದು ಸಲಕ್ಕೆ ಒಂದೇ ಗುಂಡಿನದು. ತೋಟಾ ತುಂಬಿದ ಜೋಡಿನಳಿಗೆಯ ಬಂದೂಕು ಬಂದ ಮೇಲೆ ಬೇಟೆ ಬೇರೆಯೇ ಆಯಿತು.

ಅಕ್ಬರನ ಕಾಲದ ಬಾತು ಹಿಡಿಯುವ ವಿಧಾನವನ್ನು ಅಬುಲ್ ಫಜಲ್ ಐನ್-ಎ-ಅಕ್ಬರಿಯಲ್ಲಿ ಬರೆದಿದ್ದಾನೆ. ನೀರುಹಕ್ಕಿಯ ಚರ್ಮವನ್ನು ಕೊಕ್ಕು, ರೆಕ್ಕೆ, ಬಾಲ ಸಮೇತ ಸುಲಿದು ಒಂದು ಟೊಳ್ಳು ಹಕ್ಕಿ ಮಾಡುತ್ತಾರೆ. ನೋಡಲು ಎರಡು ತೂತು. ಬೇಟೆಗಾರ ಅದರೊಳಗೆ ತಲೆ ತೂರಿಸಿ, ಕುತ್ತಿಗೆಮಟ್ಟದ ನೀರಲ್ಲಿ ನಿಧಾನವಾಗಿ ಗುಂಪಿನ ನಡುವೆ ಹೋಗಿ, ಒಂದೊಂದನ್ನೇ ನೀರಿನ ಕೆಳಕ್ಕೆ ಎಳೆದುಕೊಳ್ಳುತ್ತಾನೆ. ಕೆಲವು ಹಕ್ಕಿ ಜಾಣತನದಿಂದ ಹಾರಿಹೋಗುತ್ತವಂತೆ. ಇದರಲ್ಲಿ ನನಗೆ ಹಿಡಿಸಿದ್ದು ಹಕ್ಕಿ ಜೀವಂತ ಕೈಗೆ ಬರುತ್ತದೆ ಅನ್ನುವುದು. ಸತ್ತಿತೋ ಇಲ್ಲವೋ, ಗಾಯಕ್ಕೆ ನೀರು ಹೋಯಿತೋ ಅನ್ನುವ ತಕರಾರೇ ಇಲ್ಲ.

ಹೀಗೆ ಜೀವಂತ ಹಿಡಿಯುವವರೇ ಬಿಹಾರದ ಮೀರ್ ಶಿಕಾರ್‌ಗಳು. ಅರಸರ ಬೇಟೆಯ ಮುಖ್ಯಸ್ಥನ ಹುದ್ದೆಯ ಹೆಸರು ಹಕ್ಕಿ ಹಿಡಿದು ಬದುಕುವ ಬಡ ಮುಸ್ಲಿಂ ಸಮುದಾಯದ ಹೆಸರಾಗಿ ಉಳಿದಿದೆ. ಹೆಸರಿನಲ್ಲಿ ಮಾತ್ರ ದೊಡ್ಡಸ್ತಿಕೆ. ಬಲೆ, ಅಂಟು ಕಡ್ಡಿ, ಕುಣಿಕೆ ಹಿಡಿದು ಜೌಗಿನಲ್ಲಿ ತಿರುಗುವವರು. ಯಾವ ಹಕ್ಕಿ ಯಾವ ಹೊತ್ತಿಗೆ ಎಲ್ಲಿ ಇಳಿಯುತ್ತದೆ ಅನ್ನುವುದು ಅವರಿಗೆ ಬಾಯಿಪಾಠ. ಹಿಡಿದ ಹಕ್ಕಿ ಪೇಟೆಗೆ, ಅಲ್ಲಿಂದ ಅಡುಗೆಮನೆಗೆ ಹೋಗುತ್ತಿತ್ತು.

ಅವರ ಕಥೆ ತಿರುಗಿದ್ದು ಮುಂಬೈಯ ಒಬ್ಬ ಹುಡುಗನಿಂದ. ಮುಂಬೈ ಓದುಗರಿಗೆ ಸಾಲಿಂ ಅಲಿಯವರ ಪರಿಚಯ ಬೇಡ. ಖೇತ್‌ವಾಡಿಯಲ್ಲಿ ಬೆಳೆದ ಬೊಹ್ರಾ ಮನೆತನದ ಹುಡುಗ, ಏರ್‌ಗನ್ನಿನಿಂದ ಗುಬ್ಬಿ ಹೊಡೆಯುತ್ತಿದ್ದ. ಒಂದು ಗುಬ್ಬಿಯ ಗಂಟಲಲ್ಲಿ ಹಳದಿ ಮಚ್ಚೆ ಕಂಡಿತು. ಇದು ನಾವು ತಿನ್ನುವ ಗುಬ್ಬಿಯೇ, ಮುಸಲ್ಮಾನರ ಮನೆಯಲ್ಲಿ ಇದನ್ನು ತಿನ್ನಬಹುದೇ ಅನ್ನುವ ಅನುಮಾನ ಬಂದು ಮಾವ ಅಮೀರುದ್ದೀನ್ ತಯ್ಯಬ್‌ಜಿ ಹತ್ತಿರ ಒಯ್ದ. ಅವರಿಗೂ ತಿಳಿಯದೆ ಹುಡುಗನನ್ನು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಮಿಲ್ಲರ್ಡ್ ಅವರ ಬಳಿಗೆ ಕಳಿಸಿದರು. ಮಿಲ್ಲರ್ಡ್ ಡ್ರಾಯರುಗಳನ್ನು ತೆರೆದು, ಒಳಗೆ ಹತ್ತಿ ತುಂಬಿ ಸಾಲಾಗಿ ಮಲಗಿಸಿದ್ದ ಹಕ್ಕಿಗಳನ್ನು ತೋರಿಸಿದರು. ಅಡುಗೆಮನೆಯಲ್ಲಿ ಪುಕ್ಕ ಬಿಸಾಡಿ ಮಾಂಸ ಇಟ್ಟುಕೊಳ್ಳುತ್ತಾರೆ, ಮ್ಯೂಸಿಯಮ್ಮಿನಲ್ಲಿ ಮಾಂಸ ಬಿಸಾಡಿ ಪುಕ್ಕ ಇಟ್ಟುಕೊಳ್ಳುತ್ತಾರೆ. ಭಾರತದ ಪಕ್ಷಿಶಾಸ್ತ್ರದ ದೊಡ್ಡ ಹೆಸರು ಹೊರಟದ್ದು ಹಲಾಲೋ ಅಲ್ಲವೋ ಅನ್ನುವ ಒಂದು ಮನೆಯ ಪ್ರಶ್ನೆಯಿಂದ ಅನ್ನುವುದನ್ನು ನಮ್ಮ ಮಕ್ಕಳಿಗೆ ಯಾರೂ ಹೇಳುವುದಿಲ್ಲ.

ಸಾಲಿಂ ಅಲಿ ಹುಟ್ಟಿದ್ದು 1896ರ ನವೆಂಬರ್ 12ರಂದು. ಮೇಲೆ ಹೇಳಿದ ಭರತ್‌ಪುರದ ತಾರೀಖು ಮತ್ತೊಮ್ಮೆ ನೋಡಿ. ಆ 4,273 ಹಕ್ಕಿಗಳು ಬಿದ್ದ ದಿನ ಅವರಿಗೆ 42 ತುಂಬಿತ್ತು. ಸ್ವಾತಂತ್ರ್ಯ ಬಂದ ಮೇಲೆ ಆ ಜೌಗನ್ನು ಒಣಗಿಸಿ ಹೊಲ ಮಾಡಬೇಕೆಂಬ ಒತ್ತಾಯ ಎದ್ದಾಗ ನೆಹರೂ ಅವರಿಗೆ ಹೇಳಿ ತಡೆದವರಲ್ಲಿ ಅವರು ಮುಖ್ಯರು. ಹಾಗಂತ ಗುಂಡು ಕೂಡಲೇ ನಿಲ್ಲಲಿಲ್ಲ. ದೊಡ್ಡ ಬೇಟೆ ಅಲ್ಲಿ 1964ರ ತನಕವೂ ನಡೆಯಿತು, ಮಹಾರಾಜರ ಬೇಟೆಯ ಹಕ್ಕು 1972ರ ತನಕ ಉಳಿದಿತ್ತು. ಅದೇ ಅರವತ್ತರ ದಶಕದಲ್ಲಿ ಸೊಸೈಟಿಯವರು ವಲಸೆ ಹಕ್ಕಿಗಳ ಕಾಲಿಗೆ ಉಂಗುರ ಹಾಕುವ ಕೆಲಸ ಅಲ್ಲಿ ನಡೆಸುತ್ತಿದ್ದರು. ಸಾವಿರಾರು ಹಕ್ಕಿಗಳನ್ನು ಒಂದು ಗರಿಯೂ ಮುರಿಯದ ಹಾಗೆ ಹಿಡಿಯಬೇಕು. ಅದು ಯಾವ ಕಾಲೇಜಿನಲ್ಲೂ ಕಲಿಸುವ ವಿದ್ಯೆಯಲ್ಲ. ಕರೆಸಿದ್ದು ಬಿಹಾರದ ಮೀರ್ ಶಿಕಾರ್‌ಗಳನ್ನು. ಅವರಲ್ಲಿ ಅಲಿ ಹುಸೇನ್ ಅವರ ಹೆಸರು ಪಕ್ಷಿತಜ್ಞರ ವಲಯದಲ್ಲಿ ಇವತ್ತಿಗೂ ಗೌರವದಿಂದ ಕೇಳಿಬರುತ್ತದೆ. ಬಲೆ ಅದೇ, ಕೈ ಅದೇ. ಕುತ್ತಿಗೆಗೆ ಚಾಕು ಹೋಗುವ ಬದಲು ಕಾಲಿಗೆ ಉಂಗುರ ಬಿತ್ತು, ಹಕ್ಕಿ ಹಾರಿಹೋಯಿತು. ಆ ಉಂಗುರಗಳಿಂದಲೇ ನಮ್ಮ ಕೆರೆಗಳ ಬಾತುಗಳು ಸೈಬೀರಿಯಾ, ಮಧ್ಯ ಏಷ್ಯಾದಿಂದ ಬರುತ್ತವೆ ಅನ್ನುವುದಕ್ಕೆ ಪುರಾವೆ ಸಿಕ್ಕಿತು.

1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. ಲೈಸೆನ್ಸಿನ ಬೇಟೆಗೆ ಉಳಿದಿದ್ದ ಸಂದನ್ನು 1991ರ ತಿದ್ದುಪಡಿ ಮುಚ್ಚಿತು. ಈಗ ಕಾಡುಬಾತು ಕೊಲ್ಲುವುದು ಅಪರಾಧ, ಕೀಳುವ ಪ್ರಶ್ನೆಯೇ ಇಲ್ಲ. ಕಾಯ್ದೆ ಬಂದದ್ದು ಒಳ್ಳೆಯದೇ ಆಯಿತು, ಇದರಲ್ಲಿ ನನಗೆ ಎರಡು ಮಾತಿಲ್ಲ. ನಾನಾನಿಗೂ ಇರಲಿಲ್ಲ. ಜೀಪುಗಳು ನಿಂತ ಮೇಲೆ ಅವರು ಪಟ್ಟಣದಲ್ಲಿ ಬೇರೆ ಕೆಲಸ ಹಿಡಿದರು. ಮೀರ್ ಶಿಕಾರ್‌ಗಳಲ್ಲಿ ಉಂಗುರದ ಕೆಲಸ ಸಿಕ್ಕಿದ್ದು ಕೆಲವರಿಗೆ ಮಾತ್ರ. ಉಳಿದವರ ಗತಿ ಏನಾಯಿತು ಅಂತ ಬರೆಯುವವರು ಬೇಕು. ಇದನ್ನು ಓದುತ್ತಿರುವ ವಿದ್ಯಾರ್ಥಿಗಳಲ್ಲಿ ಯಾರಾದರೂ ಸಂಶೋಧನೆಗೆ ವಿಷಯ ಹುಡುಕುತ್ತಿದ್ದರೆ ಇಲ್ಲೊಂದು ಇದೆ. ಅಷ್ಟು ದೂರ ಹೋಗಲಾಗದಿದ್ದರೆ ನಿಮ್ಮ ಮನೆಯ ನಾನಾ, ದಾದಾಗಳನ್ನು ಕೇಳಿ. ಬಂದೂಕು ಇದ್ದವರ ಮನೆಯಲ್ಲಿ ಫೋಟೊ ಇರುತ್ತದೆ. ಚಾಕು ಹಿಡಿದವರದು ಬಾಯಿಮಾತು ಮಾತ್ರ, ಅವರ ಜೊತೆಗೇ ಹೋಗುತ್ತದೆ.

ನಾನಾನಿಗೆ ಕೂಲಿ ಎಷ್ಟು ಕೊಡುತ್ತಿದ್ದರು ಅಂತ ಒಮ್ಮೆ ಕೇಳಿದ್ದೆ. ದುಡ್ಡು ಕೊಟ್ಟದ್ದು ಅವರಿಗೆ ನೆನಪಿರಲಿಲ್ಲ. ಸಂಗ್‌ದಾನಾ, ಕಲೇಜಿ, ಕಾಲು ಅವರ ಪಾಲಿಗೆ ಬರುತ್ತಿತ್ತು, ಪುಕ್ಕ ಕೇಳುವವರೇ ಇರಲಿಲ್ಲ. ಉರ್ದುವಿನಲ್ಲಿ ಮೆರೆಯುವವರನ್ನು ಕಂಡು ನಿನಗೇನು ಸುರ್ಖಾಬಿನ ಪುಕ್ಕ ಅಂಟಿದೆಯೇ ಅಂತ ಕೇಳುತ್ತಾರಲ್ಲ, ಆ ಸುರ್ಖಾಬ್ ನಮ್ಮ ಕವಿಗಳ ಚಕ್ರವಾಕವೇ, ಅದೂ ಒಂದು ಬಾತು. ನಾನಾನ ಅಮ್ಮ ತುಪ್ಪುಳವನ್ನೆಲ್ಲ ಬಿಸಿಲಿಗೆ ಒಣಗಿಸಿ, ಮೂರು ಚಳಿಗಾಲ ಕೂಡಿಸಿ, ಹಳೆಯ ಸೀರೆಯ ಬಟ್ಟೆಯಲ್ಲಿ ಎರಡು ದಿಂಬು ಹೊಲಿದಿದ್ದರು. ಒಂದು ನನ್ನ ಅಮ್ಮನ ಜೊತೆ ಮುಂಬೈಗೆ ಬಂತು. ಚಿಕ್ಕವನಿದ್ದಾಗ ನಾನು ಅದರ ಮೇಲೆ ಮಲಗಿದ್ದೇನೆ. ಮಳೆಗಾಲದಲ್ಲಿ ಅದಕ್ಕೆ ಕೆರೆಯ ವಾಸನೆ ಬರುತ್ತಿತ್ತು, ಅಮ್ಮ ಬೈದುಕೊಂಡು ಗ್ಯಾಲರಿಯಲ್ಲಿ ಬಿಸಿಲಿಗೆ ಹಾಕೋರು. ಹೊಲಿಗೆ ಬಿಟ್ಟ ಒಂದು ಮೂಲೆಯಿಂದ ಬಿಳಿ ತುಪ್ಪುಳ ಒಂದೊಂದೇ ಹೊರಬಂದು ಚಾಳಿನ ಅಂಗಳಕ್ಕೆ ಹಾರಿ ಹೋಗುತ್ತಿತ್ತು.